ಏಳು ಕೆಂಪು ದೀಪ: ಬೆಟ್ಟದ ದಾರಿಯಲ್ಲಿ ಐದು ದಿನ ಕೊನೆಯ ಗಾಡಿ ನನ್ನದು

ಎರಡನೇ ದಿನ ಸಂಜೆ ಒಂದು ಕವಲಿನಲ್ಲಿ ಗಾಡಿ ನಿಲ್ಲಿಸಿದೆ. ಮೋಡ ಕವಿದು ಬೆಳಕು ಮಂಕಾಗಿತ್ತು. ಎದುರು ಬೆಟ್ಟದ ಮೈಮೇಲೆ ರಸ್ತೆ ಮಡಿಕೆ ಮಡಿಕೆಯಾಗಿ ಏರಿತ್ತು. ಅದರ ಮೇಲೆ ನಮ್ಮ ಗಾಡಿಗಳ ಹಿಂದಿನ ಕೆಂಪು ದೀಪಗಳು ಸಣ್ಣಗೆ ಕಾಣುತ್ತಿದ್ದವು. ಎಣಿಸಿದೆ. ಐದು. ಮತ್ತೆ ಎಣಿಸಿದೆ. ಐದೇ. ಏಳು ಇರಬೇಕಿತ್ತು.

ನಾವು ಹೋಗಿದ್ದು ಎಂಟು ಬೈಕು, ಒಂಬತ್ತು ಜನ. ಐದು ದಿನ, ಒಟ್ಟು ಸುಮಾರು 1,050 ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಪಾಲು ಬೆಟ್ಟದ ರಸ್ತೆಯೇ. ಎಂಟನೇ ಗಾಡಿ, ಅಂದರೆ ಎಲ್ಲರಿಗಿಂತ ಹಿಂದೆ ಬರುವ ಗಾಡಿ ನನ್ನದು. ಇದಕ್ಕೆ ಸ್ವೀಪ್ ಅಂತಾರೆ. ಗ್ರೂಪ್ ರೈಡ್ ಬಗ್ಗೆ ಬರೆಯುವವರೆಲ್ಲ ಮುಂದೆ ಹೋಗುವವನ ಬಗ್ಗೆ ಜಾಸ್ತಿ ಬರೆಯುತ್ತಾರೆ. ದಾರಿ ತೋರಿಸುವುದು ಅವನೇ, ವೇಗ ಇಡುವುದೂ ಅವನೇ, ನಿಜ. ಆದರೆ ಐದು ದಿನ ಹಿಂದಿನಿಂದ ನೋಡಿದ ಮೇಲೆ ನನಗೆ ಅನಿಸಿದ್ದು, ಗುಂಪು ಒಡೆಯುವುದೂ ಕೂಡುವುದೂ ಬಾಲದಲ್ಲೇ. ಅದಕ್ಕೇ ಇದನ್ನು ಬಾಲದಿಂದಲೇ ಬರೆಯುತ್ತಿದ್ದೇನೆ.

ಆ ಎರಡು ದೀಪದ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ತಯಾರಿ.

ಹೊರಡುವ ಮೂರು ವಾರ ಮುಂಚೆ ಎಲ್ಲರೂ ಒಂದು ಕಡೆ ಕೂತು ದಾರಿ ಹಾಕಿದೆವು. ಮೊದಲ ಪ್ಲಾನ್‌ನಲ್ಲಿ ದಿನಕ್ಕೆ 350 ಕಿಲೋಮೀಟರ್ ಇತ್ತು. ಬಯಲಿನ ಹೆದ್ದಾರಿಯಲ್ಲಿ ಅದೇನೂ ದೊಡ್ಡದಲ್ಲ. ಆದರೆ ನಮ್ಮ ಮುಂದಾಳು ಬೆಟ್ಟದಲ್ಲಿ ಬಹಳ ವರ್ಷ ಓಡಿಸಿದವರು. ಅವರು ಪೆನ್ನು ತೆಗೆದುಕೊಂಡು ಪ್ರತಿ ದಿನದ ಲೆಕ್ಕವನ್ನು 220ಕ್ಕೆ ಇಳಿಸಿದರು. ಬೆಟ್ಟದಲ್ಲಿ ಎಂಟು ಗಾಡಿ ಸೇರಿ ಹೋಗುವಾಗ, ನಿಲ್ಲುವುದೆಲ್ಲ ಸೇರಿಸಿದರೆ, ಸರಾಸರಿ ಗಂಟೆಗೆ 30 ಕಿಲೋಮೀಟರ್ ಸಿಕ್ಕರೆ ಅದೇ ಪುಣ್ಯ ಅಂದರು. ನಾವು ಒಪ್ಪಲಿಲ್ಲ, ಸ್ವಲ್ಪ ವಾದ ಮಾಡಿದೆವು. ಮೊದಲ ದಿನವೇ ಅವರ ಮಾತು ನಿಜವಾಯಿತು. ಒಬ್ಬನೇ ನಿಂತರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಒಂಬತ್ತು ಜನ ನಿಂತರೆ ಅರ್ಧ ಗಂಟೆ ಬೇಕು. ಗ್ಲೌಸ್ ಬಿಚ್ಚಬೇಕು, ಹೆಲ್ಮೆಟ್ ತೆಗೆಯಬೇಕು, ಒಬ್ಬರು ನೀರು ಕುಡಿದು ಮುಗಿಸುವಾಗ ಇನ್ನೊಬ್ಬರಿಗೆ ಫೋಟೋ ಬೇಕು. ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಅದೂ ಪ್ರವಾಸವೇ. ಲೆಕ್ಕದಲ್ಲಿ ಅದಕ್ಕೆ ಜಾಗ ಇಟ್ಟಿರಬೇಕು ಅಷ್ಟೇ.

ಪೆಟ್ರೋಲಿನ ಲೆಕ್ಕ ಎಲ್ಲರಿಗಿಂತ ಚಿಕ್ಕ ಟ್ಯಾಂಕ್ ಇರುವ ಗಾಡಿಯದ್ದು. ನಮ್ಮಲ್ಲಿ ಒಂದು ಗಾಡಿಗೆ 11 ಲೀಟರ್ ಟ್ಯಾಂಕ್ ಇತ್ತು. ಲೀಟರಿಗೆ 30 ಕೊಟ್ಟರೆ 330 ಕಿಲೋಮೀಟರ್ ಅನಿಸುತ್ತದೆ. ಆದರೆ ಕೆಳ ಗೇರಿನಲ್ಲಿ ಏರುವಾಗ ಆ ಲೆಕ್ಕ ನಿಲ್ಲುವುದಿಲ್ಲ. ಅದಕ್ಕೇ 200 ಅಂತ ಹಿಡಿದೆವು. ಒಬ್ಬರು ಹಾಕಿಸಿದರೆ ಎಲ್ಲರೂ ಹಾಕಿಸಬೇಕು, ಅರ್ಧ ಟ್ಯಾಂಕ್ ಇದ್ದರೂ ಸರಿ. ಇಲ್ಲದಿದ್ದರೆ ಒಂದು ಗಂಟೆ ಬಿಟ್ಟು ಇನ್ನೊಬ್ಬರಿಗೋಸ್ಕರ ಮತ್ತೆ ನಿಲ್ಲಬೇಕಾಗುತ್ತದೆ.

ಗಾಡಿ ತಯಾರಿಯಲ್ಲಿ ನಾವು ಟೈರ್, ಚೈನ್, ಕೇಬಲ್, ದೀಪ ಎಲ್ಲ ನೋಡಿದ್ದೆವು. ಆದರೆ ಬ್ರೇಕ್ ಆಯಿಲ್ ವಿಷಯದಲ್ಲಿ ಒಬ್ಬರು ಸುಮ್ಮನಾದರು. ಆ ಗಾಡಿಯನ್ನು ಹೊರಡುವ ಮುಂಚೆ ಸರ್ವೀಸಿಗೆ ಬಿಟ್ಟಿದ್ದರು, ಎಲ್ಲ ಆಗಿದೆ ಅಂತ ನಂಬಿದ್ದರು. ಅದು ಮೂರನೇ ದಿನ ನಮ್ಮನ್ನು ಹಿಡಿದು ನಿಲ್ಲಿಸಿತು.

ಉಪಕರಣಗಳ ಚೀಲ, ಪಂಕ್ಚರ್ ಕಿಟ್, ಗಾಳಿ ಪಂಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ನನ್ನ ಗಾಡಿಯಲ್ಲಿ. ಇದಕ್ಕೆ ಕಾರಣ ಸರಳ. ಯಾರಿಗೆ ಏನಾದರೂ ಅವರು ನಿಲ್ಲುತ್ತಾರೆ, ಹಿಂದೆ ಇರುವವನು ಅವರ ಹತ್ತಿರ ತಾನಾಗಿ ಬಂದೇ ಬರುತ್ತಾನೆ. ಅದೇ ಚೀಲ ಮುಂದಾಳಿನ ಹತ್ತಿರ ಇದ್ದರೆ ಅವರು ಆಗಲೇ ಹತ್ತು ಕಿಲೋಮೀಟರ್ ಮುಂದೆ ಹೋಗಿರುತ್ತಾರೆ. ಇನ್ನೊಂದು ವಿಷಯ: ಗುಂಪಿನಲ್ಲಿ ಎರಡು ಗಾಡಿಗೆ ಟ್ಯೂಬ್ ಇರುವ ಚಕ್ರ, ಉಳಿದವಕ್ಕೆ ಟ್ಯೂಬ್‌ಲೆಸ್. ಆ ಎರಡರ ಟ್ಯೂಬ್ ಅಳತೆಯೂ ಬೇರೆ ಬೇರೆ. ಅವರವರ ಟ್ಯೂಬ್ ಅವರವರೇ ಇಟ್ಟುಕೊಳ್ಳಬೇಕು ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಟ್ಯೂಬ್‌ಲೆಸ್ ಪಂಕ್ಚರ್ ಹದಿನೈದು ನಿಮಿಷದ ಕೆಲಸ. ಟ್ಯೂಬ್ ಬದಲಿಸುವುದು, ಅದೂ ರಸ್ತೆ ಪಕ್ಕ, ಹಿಂದಿನ ಚಕ್ರ ಬಿಚ್ಚಿ, ಒಂದು ಗಂಟೆ ದಾಟುತ್ತದೆ. ನಾಲ್ಕನೇ ದಿನ ನಮಗೆ ಬಂದಿದ್ದು ಎರಡನೆಯ ಥರದ್ದು.

ಮೊದಲ ದಿನದ ಬೆಳಿಗ್ಗೆ ಚೆನ್ನಾಗಿಯೇ ಹೋಯಿತು. ಬಯಲಿನ ನೇರ ರಸ್ತೆಯಲ್ಲಿ ಎರಡು ಸಾಲಾಗಿ, ಒಬ್ಬರು ಲೇನಿನ ಆ ಬದಿ, ಮುಂದಿನವರು ಈ ಬದಿ, ಹೀಗೆ ಹೆಣೆದಂತೆ ಹೋದೆವು. ತಪ್ಪಲು ಮುಗಿದು ಮೊದಲ ಏರು ಶುರುವಾದಾಗ ಮುಂದಾಳು ಒಂದು ಬೆರಳು ಮೇಲೆತ್ತಿದರು. ಅಂದರೆ ಒಂದೇ ಸಾಲು. ತಿರುವಿನಲ್ಲಿ ಪ್ರತಿಯೊಬ್ಬರಿಗೂ ಲೇನಿನ ಪೂರ್ತಿ ಅಗಲ ಬೇಕು. ಪಕ್ಕದಲ್ಲಿ ಇನ್ನೊಂದು ಗಾಡಿ ಇದ್ದರೆ ಕಲ್ಲು ಬಂದಾಗ ಎಲ್ಲಿಗೆ ಸರಿಯುತ್ತೀರಿ?

ಆಮೇಲೆ ತೊಂದರೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಮೂವರು ಸುಸ್ತಾಗಿದ್ದರು. ಅವರಲ್ಲಿ ಒಬ್ಬ ಗೆಳತಿ ಬೆಟ್ಟದಲ್ಲಿ ಓಡಿಸುತ್ತಿದ್ದದ್ದು ಇದೇ ಮೊದಲು. ಪ್ರತಿ ತಿರುವು ಮುಗಿದ ಕೂಡಲೇ ಅವಳು ಗಾಡಿಯನ್ನು ಜೋರಾಗಿ ಎಳೆಯುತ್ತಿದ್ದಳು, ಮುಂದಿನ ತಿರುವಿಗೆ ತೀರಾ ವೇಗವಾಗಿ ಬಂದು ಗಾಬರಿಯಿಂದ ಬ್ರೇಕ್ ಹಿಡಿಯುತ್ತಿದ್ದಳು. ಹಿಂದಿನಿಂದ ನೋಡುತ್ತಿದ್ದ ನನಗೆ ಅದು ಕಾಣುತ್ತಿತ್ತು. ನಿಂತಾಗ ಕೇಳಿದೆ. "ಮುಂದಿನವರು ಪ್ರತಿ ಸಲ ಓಡಿಹೋಗುತ್ತಾರೆ, ನಾನು ಹಿಂದೆ ಬೀಳುತ್ತೇನೆ" ಅಂದಳು.

ಆ ರಾತ್ರಿ ಇದರ ಬಗ್ಗೆಯೇ ಮಾತು. ಈ ವಿಷಯ ಯಾರೂ ಹೊಸಬರಿಗೆ ಸರಿಯಾಗಿ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ಗಾಡಿಗಳ ನಡುವಿನ ಅಂತರವನ್ನು ಮೀಟರಿನಲ್ಲಿ ನೋಡುತ್ತೇವೆ. ಅದನ್ನು ಸೆಕೆಂಡಿನಲ್ಲಿ ನೋಡಬೇಕು. ಎಂಟು ಗಾಡಿ ಎರಡೆರಡು ಸೆಕೆಂಡ್ ಅಂತರದಲ್ಲಿ ಹೋಗುತ್ತಿವೆ ಅಂದುಕೊಳ್ಳಿ. ಮೊದಲನೆಯದಕ್ಕೂ ಕೊನೆಯದಕ್ಕೂ 14 ಸೆಕೆಂಡ್. ಹೇರ್‌ಪಿನ್ ತಿರುವಿನಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗ ಇದ್ದರೆ ಅದು ಸೆಕೆಂಡಿಗೆ 5 ಮೀಟರ್, ಅಂದರೆ ಇಡೀ ಸಾಲು 70 ಮೀಟರ್ ಉದ್ದ. ತಿರುವು ದಾಟಿ ಎಲ್ಲರೂ 72ಕ್ಕೆ ಏರಿದರೆ ಸೆಕೆಂಡಿಗೆ 20 ಮೀಟರ್, ಸಾಲು 280 ಮೀಟರ್ ಆಗುತ್ತದೆ. ಸಮಯದ ಅಂತರ ಅದೇ 14 ಸೆಕೆಂಡ್. ಯಾರೂ ಓಡಿಹೋಗಿಲ್ಲ, ಯಾರೂ ಹಿಂದೆ ಬಿದ್ದಿಲ್ಲ. ಆದರೆ ಹಿಂದಿರುವವರ ಕಣ್ಣಿಗೆ ಮುಂದಿನವರು ದೂರ ದೂರ ಆಗುವುದು ಕಾಣುತ್ತದೆ, ಕೈ ತಾನಾಗಿ ಆಕ್ಸಿಲರೇಟರ್ ತಿರುಗಿಸುತ್ತದೆ. ಮುಂದಾಳು ಎಲ್ಲಿ ವೇಗ ಹೆಚ್ಚಿಸಿದರೋ ಅದೇ ಜಾಗಕ್ಕೆ ಬಂದ ಮೇಲೆ ನೀವೂ ಹೆಚ್ಚಿಸಿದರೆ ಅವರಿಗಿಂತ ಒಂದು ಕಿಲೋಮೀಟರ್ ಕೂಡ ಜಾಸ್ತಿ ವೇಗ ಬೇಡ. ಅವರು ಹೆಚ್ಚಿಸಿದ ಗಳಿಗೆಯಲ್ಲೇ, ನೀವಿನ್ನೂ ತಿರುವಿನಲ್ಲಿ ಇರುವಾಗಲೇ ಹೆಚ್ಚಿಸಲು ಹೋದರೆ ಅಪಾಯ. ಕೊನೆಯಲ್ಲಿರುವವರು ಮುಂದಿನವರಿಗಿಂತ ಜೋರಾಗಿ ಓಡಿಸಿ ಸುಸ್ತಾಗುವುದು ಇದರಿಂದಲೇ. ಅನುಭವ ಕಡಿಮೆ ಇರುವವರನ್ನು ಕೊನೆಯಲ್ಲಿ ಹಾಕುವುದೂ ಅದಕ್ಕೇ ತಪ್ಪು. ನಾವು ಅದನ್ನೇ ಮಾಡಿದ್ದೆವು.

ಮರುದಿನದಿಂದ ಅವಳು ಮುಂದಾಳಿನ ಹಿಂದೆ, ಎರಡನೇ ಜಾಗದಲ್ಲಿ. ಜೋರಾಗಿ ಹೋಗುವ ಇಬ್ಬರು ಕೊನೆಗೆ, ನನ್ನ ಮುಂದೆ. ಮುಂದಾಳು ಕನ್ನಡಿಯಲ್ಲಿ ಅವಳನ್ನು ನೋಡಿಕೊಂಡೇ ವೇಗ ಇಟ್ಟರು. ಅವಳಿಗೆ ಅವರ ಹಿಂದಿನ ಚಕ್ರ ಎಲ್ಲಿ ಹೋಗುತ್ತದೋ ಅದೇ ಗೆರೆಯಲ್ಲಿ ಹೋಗುವ ಅವಕಾಶ ಸಿಕ್ಕಿತು. ಅರ್ಧ ದಿನದಲ್ಲಿ ಅವಳ ಭುಜದ ಬಿಗಿ ಇಳಿದಿತ್ತು.

ತಿರುವಿನ ಬಗ್ಗೆ ಮುಂದಾಳು ಅವಳಿಗೆ ಹೇಳಿದ್ದು ಬಹಳ ಕಡಿಮೆ. ತಿರುವಿಗೆ ಮುಂಚೆಯೇ ವೇಗ ಇಳಿಸು, ಗೇರು ಅಲ್ಲೇ ಆರಿಸು. ಲೇನಿನ ಹೊರ ಅಂಚಿನಿಂದ ಒಳಗೆ ಬಾ, ಆದರೆ ಬೇಗ ಒಳಗೆ ಬೀಳಬೇಡ. ತಲೆ ತಿರುಗಿಸಿ ರಸ್ತೆ ಹೊರಗೆ ಹೋಗುವ ಜಾಗ ನೋಡು, ಗಾಡಿ ಅಲ್ಲಿಗೇ ಬರುತ್ತದೆ. ಈ ಕೊನೆಯದ್ದೇ ಎಲ್ಲಕ್ಕಿಂತ ದೊಡ್ಡದು. ಕಣ್ಣು ತಡೆಗೋಡೆ ಮೇಲೆ ಇದ್ದರೆ ಗಾಡಿ ತಡೆಗೋಡೆಗೇ ಹೋಗುತ್ತದೆ. ಏರುವ ಹೇರ್‌ಪಿನ್‌ನಲ್ಲಿ ಮಧ್ಯದಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಕ್ಲಚ್ ಪೂರ್ತಿ ಹಿಡಿದರೆ, ಗಾಡಿ ಒಳಕ್ಕೆ ಬಿದ್ದುಬಿಡುತ್ತದೆ. ಕ್ಲಚ್ಚನ್ನು ಅರ್ಧ ಹಿಡಿತದಲ್ಲಿಟ್ಟು, ಹಿಂದಿನ ಬ್ರೇಕನ್ನು ಸ್ವಲ್ಪ ಮುಟ್ಟಿಕೊಂಡು, ಎಂಜಿನ್ನಿನ ಎಳೆತ ಬಿಡದೆ ಹೋಗಬೇಕು. ನಾವು ಹೊರಡುವ ಮುಂಚೆ ಒಂದು ಖಾಲಿ ಮೈದಾನದಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತು ಹಾಕಿ ಅಭ್ಯಾಸ ಮಾಡಿದ್ದೆವು. ಅವಳು ಅವತ್ತು ಬಂದಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ಹೊರಡುವ ಮುಂಚೆ ಇಪ್ಪತ್ತು ನಿಮಿಷ ಅದನ್ನೇ ಮಾಡಿಸಿದೆವು.

ಹೇರ್‌ಪಿನ್ ರಸ್ತೆಗಳ ಬಗ್ಗೆ ನನಗೆ ಮೊದಲಿನಿಂದಲೂ ಪ್ರೀತಿ. ಇಟಲಿಯ ಸ್ಟೆಲ್ವಿಯೊ ಘಾಟಿಯ ಒಂದು ಬದಿಯಲ್ಲೇ 48 ಹೇರ್‌ಪಿನ್ ಇವೆ, ಒಂದೊಂದಕ್ಕೂ ಸಂಖ್ಯೆ ಬರೆದ ಕಲ್ಲಿದೆ. ಘಾಟಿಯ ಎತ್ತರ 2,757 ಮೀಟರ್. ಅದನ್ನು ಕಟ್ಟಿದ್ದು 1820ರಿಂದ 1825ರ ನಡುವೆ, ಮೋಟಾರು ಗಾಡಿ ಅನ್ನುವುದೇ ಇಲ್ಲದ ಕಾಲದಲ್ಲಿ. ಕುದುರೆ ಎಳೆಯುವ ಗಾಡಿ ದಮ್ಮು ಕಟ್ಟದೆ ಏರಬೇಕಲ್ಲ, ಅದಕ್ಕೇ ಏರನ್ನು ಅಷ್ಟು ಸಲ ಮಡಚಿ ಹಾಕಿದರು. ಇದು ತಿಳಿದ ಮೇಲೆ ನಾನು ಹೇರ್‌ಪಿನ್ನಿನಲ್ಲಿ ಆತುರಪಡುವುದೇ ಬಿಟ್ಟಿದ್ದೇನೆ. ಇಂಥ ರಸ್ತೆಯಲ್ಲಿ ಇನ್ನೊಂದು ಅನುಕೂಲ ಇದೆ: ತಲೆ ಎತ್ತಿದರೆ ಎರಡು ಮಡಿಕೆ ಮೇಲೆ ಬರುತ್ತಿರುವ ಬಸ್ಸು ಕಾಣುತ್ತದೆ. ಅದಕ್ಕೆ ತಿರುಗಲು ಇಡೀ ರಸ್ತೆ ಬೇಕು. ತಿರುವಿನ ಮುಂಚೆಯೇ ನಿಂತು ಅದನ್ನು ಬಿಟ್ಟುಕೊಟ್ಟರೆ ಒಂದು ನಿಮಿಷ ಹೋಗುತ್ತದೆ, ಅಷ್ಟೇ ಅಲ್ವಾ?

ಈಗ ಆ ಎರಡು ದೀಪ.

ಗುಂಪು ಒಡೆಯದಿರಲು ನಾವು ಇಟ್ಟುಕೊಂಡಿದ್ದ ಪದ್ಧತಿ ಹೀಗಿತ್ತು. ಕವಲು ಬಂದಾಗ ಮುಂದಾಳು ತನ್ನ ಹಿಂದಿನವರಿಗೆ ಜಾಗ ತೋರಿಸುತ್ತಾರೆ. ಆ ಎರಡನೆಯವರು ಅಲ್ಲಿ ಸುರಕ್ಷಿತವಾಗಿ, ಎಲ್ಲರಿಗೂ ಕಾಣುವಂತೆ ನಿಂತು ಯಾವ ಕಡೆ ಹೋಗಬೇಕು ಅಂತ ಕೈ ತೋರಿಸುತ್ತಾರೆ. ಉಳಿದವರೆಲ್ಲ ದಾಟುತ್ತಾರೆ. ಕೊನೆಯವನಾದ ನಾನು ಬಂದ ಮೇಲೆ ಅವರು ನನ್ನ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ಕವಲಿಗೆ ಇನ್ನೊಬ್ಬರ ಸರದಿ. ಇದರಲ್ಲಿ ಯಾರೂ ಯಾರನ್ನೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ, ಅವರವರ ವೇಗದಲ್ಲಿ ಆರಾಮಾಗಿ ಹೋಗಬಹುದು. ಗೆಳತಿಯ ಸರದಿ ಬಂದು ಅವಳು ಹಿಂದಾದಾಗ, ಮುಂದೆ ನಿಂತ ಕಡೆ ಮತ್ತೆ ಎರಡನೇ ಜಾಗಕ್ಕೆ ಬರುತ್ತಿದ್ದಳು.

ಅವತ್ತು ಒಂದು ಲಾರಿ ನನ್ನ ಮುಂದೆ ಸಿಕ್ಕಿಕೊಂಡಿತು. ನನ್ನ ಮುಂದಿದ್ದ ಇಬ್ಬರು ಅದನ್ನು ದಾಟಿದರು, ನನಗೆ ಎರಡು ಮೂರು ನಿಮಿಷ ದಾರಿ ಸಿಗಲಿಲ್ಲ. ಆ ಹೊತ್ತಿಗೆ ನಮ್ಮವನಲ್ಲದ ಒಬ್ಬ ಸವಾರ ನನ್ನನ್ನು, ಲಾರಿಯನ್ನು, ಆ ಇಬ್ಬರನ್ನೂ ದಾಟಿಕೊಂಡು ಹೋದ. ನನ್ನ ಗಾಡಿಯಂಥದ್ದೇ ದುಂಡು ದೀಪ, ನನ್ನದೇ ಬಣ್ಣದ ಹೆಲ್ಮೆಟ್. ಕವಲಿನಲ್ಲಿ ನಿಂತಿದ್ದ ಗೆಳೆಯ ಅವನನ್ನು ನೋಡಿ ಸ್ವೀಪ್ ಬಂದ ಅಂದುಕೊಂಡು ಹೊರಟುಬಿಟ್ಟ. ಆಮೇಲೆ ಬಂದ ಇಬ್ಬರಿಗೆ ಕವಲಿನಲ್ಲಿ ಯಾರೂ ಕಾಣಲಿಲ್ಲ. ಅಗಲವಾಗಿದ್ದ ರಸ್ತೆ ಹಿಡಿದರು. ಅದು ಕೆಳಗೆ ಇನ್ನೊಂದು ಕಣಿವೆಗೆ ಹೋಗುವ ರಸ್ತೆ.

ನನಗೆ ಕೂಡಲೇ ಅವರ ಹಿಂದೆ ಓಡಬೇಕು ಅನಿಸಿತು. ಆದರೆ ಓಡಲಿಲ್ಲ. ಮೊದಲ ದಿನವೇ ಮಾತಾಡಿಕೊಂಡಿದ್ದೆವು: ಹತ್ತು ನಿಮಿಷ ನಮ್ಮವರು ಯಾರೂ ಕಾಣದಿದ್ದರೆ, ನಮ್ಮವರನ್ನು ನೋಡಿದ ಅಥವಾ ನೋಡಬೇಕಿದ್ದ ಕೊನೆಯ ಕವಲಿಗೆ ವಾಪಸ್ ಬರಬೇಕು. ಸ್ವೀಪ್ ಹುಡುಕಿಕೊಂಡು ಹೋದರೆ ವಾಪಸ್ ಬಂದವರಿಗೆ ಅಲ್ಲಿ ಯಾರೂ ಇರುವುದಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಮುಂದಾಳಿಗೂ ನನಗೂ ನಡುವೆ ಹೆಲ್ಮೆಟ್ ಇಂಟರ್‌ಕಾಮ್ ಇತ್ತು, ಆದರೆ ಬೆಟ್ಟದ ಬಂಡೆ ಅಡ್ಡ ಬಂದರೆ ಅದು ಕೆಲಸಕ್ಕೆ ಬರುವುದಿಲ್ಲ. ಆ ಇಪ್ಪತ್ತೈದು ನಿಮಿಷ ನಾನು ಕಂಡ ಅತಿ ಉದ್ದದ ಇಪ್ಪತ್ತೈದು ನಿಮಿಷ. ಕೆಳಗಿನ ತಿರುವಿನಿಂದ ಯಾವ ಶಬ್ದ ಬಂದರೂ ಎದ್ದು ನೋಡುತ್ತಿದ್ದೆ. ಕೊನೆಗೆ ಎರಡು ಹೆಡ್‌ಲೈಟ್ ಕಂಡವು. ಇಬ್ಬರೂ ಸುಮ್ನೆ ಬಂದು ಪಕ್ಕದಲ್ಲಿ ನಿಂತರು. ನನಗೂ ಮಾತು ಬರಲಿಲ್ಲ, ಇಬ್ಬರ ಬೆನ್ನು ತಟ್ಟಿದೆ.

ಮೂರನೇ ದಿನದಿಂದ ನಾನು ಕಣ್ಣು ಕುಕ್ಕುವ ಹಳದಿ ಪಟ್ಟಿಯ ಜಾಕೆಟ್ ಹಾಕಿಕೊಂಡೆ. ಕವಲಿನಲ್ಲಿ ನಿಂತವರು ನನ್ನನ್ನು ನೋಡಿದರೆ ಸಾಲದು, ನಾನು ಕೈ ಎತ್ತಿ ಸನ್ನೆ ಮಾಡಿದ ಮೇಲೆಯೇ ಹೊರಡಬೇಕು. ಮಳೆ ಬಂದರೂ, ಅರ್ಧ ಗಂಟೆ ಆದರೂ. ಈ ಒಂದು ಬದಲಾವಣೆ ಆದ ಮೇಲೆ ಪ್ರವಾಸ ಮುಗಿಯುವವರೆಗೂ ಯಾರೂ ತಪ್ಪಲಿಲ್ಲ.

ಮೂರನೇ ದಿನವೇ ನಮ್ಮ ದಾರಿಯ ಅತಿ ಎತ್ತರದ ಜಾಗ. ಬೆಟ್ಟದಲ್ಲಿ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಬಿಸಿಲು ನೆಲ ಕಾಯಿಸಿದ ಮೇಲೆ. ಅದಕ್ಕೇ ಬೆಳಕು ಹರಿಯುವಾಗಲೇ ಹೊರಟೆವು. ತಪ್ಪಲಿನ ಕೋಣೆಯಿಂದ ಹೊರಟಾಗ ಚಳಿ ಅಂತ ಅನಿಸಿರಲಿಲ್ಲ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅನ್ನುವುದು ಓದಿ ಗೊತ್ತಿತ್ತು. ಅದರ ಮೇಲೆ ಓಡುವ ಗಾಡಿಯ ಗಾಳಿ ಸೇರಿದರೆ ಏನಾಗುತ್ತದೆ ಅನ್ನುವುದು ಬೆರಳಿಗೆ ಗೊತ್ತಾಯಿತು. ಮೊದಲು ಉರಿಯುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಆ ಎರಡನೇ ಹಂತ ಕೆಟ್ಟದ್ದು, ಬ್ರೇಕ್ ಎಷ್ಟು ಹಿಡಿದಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಚಳಿ ಆದ ಮೇಲೆ ಬಟ್ಟೆ ಹಾಕಿಕೊಳ್ಳುವುದಲ್ಲ, ಏರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಬೇಕು. ಮಳೆಯ ಕೋಟೂ ಹಾಗೆಯೇ. ಅದು ಗಾಳಿಯನ್ನೂ ತಡೆಯುತ್ತದೆ, ಹಾಗಾಗಿ ನಾವು ಮಳೆ ಇಲ್ಲದಿದ್ದರೂ ಹಾಕಿಕೊಂಡೆವು.

ಮೇಲೆ ಹೋದಂತೆ ಗಾಡಿಗಳ ಎಳೆತ ಕಡಿಮೆಯಾಗುತ್ತಾ ಬಂತು. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ 70 ಅಷ್ಟೇ. ಎಂಜಿನ್ ಒಳಗೆ ಹೋಗುವ ಆಮ್ಲಜನಕವೇ ಕಡಿಮೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿ ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಂಡು ಸರಾಗವಾಗಿ ಓಡುತ್ತದೆ, ಆದರೆ ಹೋದ ಶಕ್ತಿ ವಾಪಸ್ ಬರುವುದಿಲ್ಲ. ನಮ್ಮಲ್ಲಿ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಯೂ ಒಂದಿತ್ತು. ಅದು ಮೇಲೆ ಕೆಮ್ಮುತ್ತಾ, ಪೆಟ್ರೋಲ್ ವಾಸನೆ ಬಿಡುತ್ತಾ ಏರಿತು. ಇಬ್ಬರು ಕೂತಿದ್ದ ಗಾಡಿ ಎರಡನೇ ಗೇರಿನಿಂದ ಮೇಲೆ ಹೋಗಲೇ ಇಲ್ಲ. ಏನೂ ಕೆಟ್ಟಿಲ್ಲ, ಹೀಗೇ ಇರುತ್ತದೆ ಅಂತ ಧೈರ್ಯ ಹೇಳಬೇಕಾಯಿತು.

ಮೇಲೆ ಮುಟ್ಟಿದಾಗ ಒಂಬತ್ತು ಜನವೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೆಳಗೆ ಮೋಡ ಕಣಿವೆ ತುಂಬಿಕೊಂಡು ಬಿಳಿ ಕೆರೆಯ ಹಾಗೆ ನಿಂತಿತ್ತು, ಅದರ ಮೇಲೆ ಶಿಖರಗಳು ಮಾತ್ರ ದ್ವೀಪದಂತೆ ಎದ್ದಿದ್ದವು. ನಾವು ಬಂದ ರಸ್ತೆ ಆ ಬಿಳಿಯೊಳಗಿಂದ ಹೊರಬಂದು ನಮ್ಮ ಕಾಲ ಬುಡಕ್ಕೆ ಬಂದು ನಿಂತಿತ್ತು. ಎಂಜಿನ್‌ಗಳು ತಣ್ಣಗಾಗುವಾಗ ಟಿಕ್ ಟಿಕ್ ಅನ್ನುವ ಸದ್ದು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಇಂಥ ನೋಟವನ್ನು ಓಡಿಸುತ್ತಾ ನೋಡಬಾರದು ಅನ್ನುವುದು ನಮ್ಮ ಕಟ್ಟುನಿಟ್ಟಿನ ನಿಯಮ. ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ಅದಕ್ಕೆ ಬದಲಾಗಿ ಯಾರಿಗೆ ಬೇಕಾದರೂ ನಿಲ್ಲಿಸಿ ಅಂತ ಕೇಳುವ ಹಕ್ಕಿತ್ತು. ನಿಲ್ಲುವುದು ಮಾತ್ರ ತಿರುವಿನಲ್ಲಲ್ಲ, ರಸ್ತೆಯಿಂದ ಪೂರ್ತಿ ಹೊರಗೆ, ಎಂಟೂ ಗಾಡಿ ಹಿಡಿಸುವ ಜಾಗದಲ್ಲಿ. ಒಂದು ದಿನಕ್ಕೆ ಹನ್ನೆರಡು ಸಲ ನಿಂತದ್ದೂ ಇದೆ. ಅದಕ್ಕೇ ತಾನೇ ಬಂದಿದ್ದು.

ಇಳಿಯುವಾಗ ನನ್ನ ಮುಂದೆ ಇದ್ದದ್ದು ಸಾಮಾನು ಜಾಸ್ತಿ ಹೇರಿದ್ದ ಗಾಡಿ. ಆರೇಳು ಕಿಲೋಮೀಟರ್ ಆದ ಮೇಲೆ ಗಮನಿಸಿದೆ, ಅವರ ಬ್ರೇಕ್ ದೀಪ ಆರುತ್ತಲೇ ಇಲ್ಲ. ನೇರ ರಸ್ತೆಯಲ್ಲೂ ಉರಿಯುತ್ತಿದೆ, ತಿರುವಿನಲ್ಲೂ ಉರಿಯುತ್ತಿದೆ. ಮೂರನೇ ಗೇರಿನಲ್ಲಿ ಗಾಡಿ ಬಿಟ್ಟುಕೊಂಡು ಹಿಂದಿನ ಬ್ರೇಕ್ ಮೇಲೆ ಕಾಲು ಇಟ್ಟೇ ಇಳಿಯುತ್ತಿದ್ದರು. ಹಾರ್ನ್ ಹೊಡೆದು, ಹೆಡ್‌ಲೈಟ್ ಮಿನುಗಿಸಿ, ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿದೆ. ಹತ್ತಿರ ಹೋದರೆ ಸುಟ್ಟ ವಾಸನೆ. ಪೆಡಲ್ ಒತ್ತಿ ನೋಡಿದೆ, ಸ್ಪಂಜಿನ ಹಾಗೆ ಪೂರ್ತಿ ಕೆಳಗೆ ಹೋಯಿತು. ಬ್ರೇಕೇ ಇಲ್ಲ. ಮುಂದಿನ ಬ್ರೇಕ್ ಇತ್ತು, ಅದೃಷ್ಟ. ಅವರ ಮುಖ ಬಿಳಿಚಿಕೊಂಡಿತ್ತು.

ಆದದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮವಿದೆ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಿಸ್ಕ್ ಬಿಡುವಿಲ್ಲದೆ ಕಾದರೆ ಆ ಬಿಸಿ ಆಯಿಲ್‌ಗೂ ಹತ್ತಿ ಅದು ಕುದಿಯುತ್ತದೆ, ಒಳಗೆ ಆವಿಯ ಗುಳ್ಳೆ ಆಗುತ್ತದೆ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಗೆ ಹೋಗುತ್ತದೆ, ಚಕ್ರಕ್ಕೆ ಹೋಗುವುದಿಲ್ಲ. ನೀರು ಹಾಕಿ ತಣಿಸೋಣ ಅಂತ ಒಬ್ಬರು ಬಾಟಲಿ ತಂದರು. ಬೇಡ ಅಂದೆ, ಅಷ್ಟು ಕಾದ ಡಿಸ್ಕ್ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು. ಮುಕ್ಕಾಲು ಗಂಟೆ ಕೂತೆವು. ಪೆಡಲ್ ನಿಧಾನವಾಗಿ ಗಟ್ಟಿಯಾಯಿತು. ಸಾಮಾನಿನಲ್ಲಿ ಅರ್ಧ ನನ್ನ ಗಾಡಿಗೆ ಬಂತು. ಉಳಿದ ಇಳಿಜಾರು ಪೂರ್ತಿ ಎರಡನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿದೆವು. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅನ್ನುವ ಹಳೆಯ ಮಾತು ಸರಿಯಾದದ್ದು. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಬೇಕು, ಸುಮ್ನೆ ಮುಟ್ಟಿಕೊಂಡೇ ಇರಬಾರದು. ಅವತ್ತು ಸಂಜೆ ಒಬ್ಬ ಮೆಕ್ಯಾನಿಕ್ ಹಳೆಯ ಆಯಿಲ್ ತೆಗೆದಾಗ ಅದು ಕಾಫಿ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ್ದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಈಗ ನಾನು ಹೊರಡುವ ಮುಂಚೆ ಪ್ರತಿ ಗಾಡಿಯ ಆಯಿಲ್ ಡಬ್ಬಿಯನ್ನು ನನ್ನ ಕಣ್ಣಾರೆ ನೋಡುತ್ತೇನೆ.

ಕೆಳಗೆ ಬಂದು ಚೀಲ ಬಿಚ್ಚಿದಾಗ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಮೇಲೆ ನೀರು ಕುಡಿದು ಮುಚ್ಚಳ ಬಿಗಿದು ಇಟ್ಟಿದ್ದೆ. ಕೆಳಗಿನ ಗಾಳಿಯ ಒತ್ತಡಕ್ಕೆ ಯಾರೋ ಹಿಂಡಿದ ಹಾಗೆ ನುಜ್ಜುಗುಜ್ಜಾಗಿತ್ತು. ಎಷ್ಟು ಎತ್ತರಕ್ಕೆ ಹೋಗಿದ್ದೆವು ಅನ್ನುವುದು ಆಗ ಇನ್ನೊಮ್ಮೆ ಮನಸ್ಸಿಗೆ ಬಂತು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ನಾಲ್ಕನೇ ದಿನ ಪಂಕ್ಚರ್, ಮಂಜು, ಮಂಜಿನಲ್ಲಿ ತಿರುವಿನ ಒಳ ಅಂಚಿಗೆ ಹರಿದು ಬಂದ ಜಲ್ಲಿಕಲ್ಲು. ಮಂಜಿನಲ್ಲಿ ಅಂತರ ಎರಡು ಸೆಕೆಂಡ್ ಸಾಲದು, ನಾಲ್ಕು ಮಾಡಿಕೊಂಡೆವು, ವೇಗವನ್ನು ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸುವಷ್ಟಕ್ಕೆ ಇಳಿಸಿದೆವು. ಜಲ್ಲಿ ಕಂಡವರು ಆ ಬದಿಯ ಕಾಲನ್ನು ಚಾಚಿ ತೋರಿಸುತ್ತಾರೆ, ಹಿಂದಿನವರು ಅದನ್ನೇ ಮಾಡುತ್ತಾರೆ, ಹೀಗೆ ಆ ಸುದ್ದಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನನ್ನವರೆಗೆ ಬರುತ್ತಿತ್ತು. ಏಳು ಜನ ಒಬ್ಬರಾದ ಮೇಲೆ ಒಬ್ಬರು ನನಗೋಸ್ಕರ ಕಾಲು ಚಾಚುವುದನ್ನು ನೋಡುವಾಗ ಮನಸ್ಸು ತುಂಬಿ ಬರುತ್ತದೆ. ಟ್ಯೂಬ್ ಬದಲಿಸಲು ಒಂದೂಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಒಬ್ಬರು ಹಿಂದಿನ ತಿರುವಿನಲ್ಲಿ, ಇನ್ನೊಬ್ಬರು ಮುಂದಿನ ತಿರುವಿನಲ್ಲಿ ದೀಪ ಹಿಡಿದು ನಿಂತು ಬರುವ ಗಾಡಿಗಳನ್ನು ನಿಧಾನ ಮಾಡಿಸಿದರು.

ಐದನೇ ದಿನ ನಿಜವಾಗಿ ಭಯ ಇದ್ದದ್ದು ನನಗೆ. ಕಷ್ಟದ ರಸ್ತೆ ಮುಗಿದಿತ್ತು. ದೇಹ ದಣಿದಿರುತ್ತದೆ, ಮನಸ್ಸು ಆಗಲೇ ಮನೆ ಸೇರಿರುತ್ತದೆ, ಕೈ ಮಾತ್ರ ಹ್ಯಾಂಡಲ್ ಮೇಲಿರುತ್ತದೆ. ಬೆಳಿಗ್ಗೆ ಜೋರಿನ ಗೆಳೆಯರಿಬ್ಬರೂ ತಿರುವಿನಲ್ಲಿ ಸ್ವಲ್ಪ ಸ್ವಲ್ಪ ಮಧ್ಯದ ಗೆರೆಗೆ ಸರಿಯುತ್ತಿದ್ದರು. ನಾಲ್ಕು ದಿನದಲ್ಲಿ ಅವರು ಹಾಗೆ ಮಾಡಿರಲಿಲ್ಲ. ಮುಂದಾಳಿಗೆ ಇಂಟರ್‌ಕಾಮಿನಲ್ಲಿ ಹೇಳಿದೆ. ಅವರು ಏನೂ ಕೇಳದೆ ನಿಲ್ಲಿಸಿದರು. ಪ್ರತಿ ನಲವತ್ತೈದು ನಿಮಿಷಕ್ಕೊಮ್ಮೆ ನಿಂತು, ಹೆಲ್ಮೆಟ್ ತೆಗೆದು, ನಾಲ್ಕು ಹೆಜ್ಜೆ ನಡೆದು ಹೊರಟೆವು. ಯಾರೂ ಬೇಸರ ಮಾಡಲಿಲ್ಲ.

ಕೊನೆಯ ಅರವತ್ತು ಕಿಲೋಮೀಟರ್ ಮೆತ್ತಗಿನ ತಪ್ಪಲಿನ ರಸ್ತೆ, ಕವಲೂ ಕಡಿಮೆ. ಅಲ್ಲಿ ಮುಂದಾಳು ನನ್ನ ಹಳದಿ ಜಾಕೆಟ್ ಬಿಚ್ಚಿಸಿ ಆ ಗೆಳತಿಗೆ ಹಾಕಿಸಿದರು. ಉಪಕರಣದ ಚೀಲ ಹಿಡಿದುಕೊಂಡು ನಾನು ಅವಳ ಮುಂದೆ, ಏಳನೆಯವನಾಗಿ ಹೊರಟೆ. ಐದು ದಿನದಲ್ಲಿ ಮೊದಲ ಸಲ ನನ್ನ ಕನ್ನಡಿಯಲ್ಲಿ ನಮ್ಮವರದ್ದೊಂದು ಹೆಡ್‌ಲೈಟ್ ಇತ್ತು. ತಿರುವಿನಲ್ಲಿ ಮಾಯವಾಗುತ್ತಿತ್ತು, ಎರಡು ಸೆಕೆಂಡಿನಲ್ಲಿ ಮತ್ತೆ ಬರುತ್ತಿತ್ತು. ಅಂತರ ಒಂದೇ ಸಮ. ಒಮ್ಮೆಯೂ ಹತ್ತಿರ ನುಗ್ಗಲಿಲ್ಲ, ಒಮ್ಮೆಯೂ ಹಿಂದೆ ಬೀಳಲಿಲ್ಲ.

ಕತ್ತಲಾಗುವ ಹೊತ್ತಿಗೆ ಕೊನೆಯ ನಿಲ್ದಾಣಕ್ಕೆ ಬಂದು ಎಲ್ಲರೂ ಸಾಲಾಗಿ ನಿಂತೆವು. ಅವಳು ಎಲ್ಲರಿಗಿಂತ ಕೊನೆಗೆ ಬಂದು, ಎಂಜಿನ್ ಆರಿಸುವ ಮುಂಚೆ, ಬೆರಳು ತೋರಿಸುತ್ತಾ ನಮ್ಮ ಗಾಡಿಗಳನ್ನೆಲ್ಲ ಜೋರಾಗಿ ಎಣಿಸಿದಳು. ಏಳಕ್ಕೆ ನಿಲ್ಲಿಸಿ ಕೀಲಿ ತಿರುಗಿಸಿದಳು.